ಮಾಹ್ವಾಂಗ್ ಮತ್ತು ಅದರ ಜೊತೆಮೂಲಿಕೆಗಳು: ಚೀನೀ ವೈದ್ಯದ ಎರಡು ಉಬ್ಬಸ ಕಷಾಯಗಳು

ಜಪಾನಿನ ನಾಗಾಯಿ ನಾಗಯೋಶಿ 1885ರಲ್ಲಿ ಮಾಹ್ವಾಂಗ್ ಗಿಡದಿಂದ ಎಫೆಡ್ರಿನ್ ಬೇರ್ಪಡಿಸಿದರು. 1924ರಲ್ಲಿ ಪೀಕಿಂಗ್ ಯೂನಿಯನ್ ಮೆಡಿಕಲ್ ಕಾಲೇಜಿನ ಚೆನ್ ಕೆಹುಯಿ ಮತ್ತು ಕಾರ್ಲ್ ಶ್ಮಿಟ್, ಅದರ ಪರಿಣಾಮ ಅಡ್ರಿನಲಿನ್ನಿನಂತೆಯೇ ಇದ್ದು, ಬಾಯಿಯ ಮೂಲಕ ಕೊಟ್ಟರೂ ಫಲಿಸುತ್ತದೆಂದು ತೋರಿಸಿದರು. ಉಬ್ಬಸ ಚಿಕಿತ್ಸೆಗೆ ಅದು ದೊಡ್ಡ ಲಾಭ. ಆದರೆ ಗಿಡವನ್ನು ಒಂದೇ ಅಣುವಿನ ಆಕರವಾಗಿ ಮಾತ್ರ ನೋಡುವ ರೂಢಿಗೂ ಅದು ದಾರಿಮಾಡಿತು. ಆ ನೋಟಕ್ಕೆ ಮೂಲಗ್ರಂಥದ ಚಿಕಿತ್ಸಾಕ್ರಮ ದಕ್ಕುವುದಿಲ್ಲ ಎಂಬುದು ನನ್ನ ವಾದ.

ಹಾನ್ ಯುಗದ ಕೊನೆಯಲ್ಲಿದ್ದ ಜಾಂಗ್ ಜೊಂಗ್‌ಜಿಂಗ್ ರಚಿಸಿದ 'ಶಾಂಗ್‌ಹಾನ್ ಲುನ್' ಗ್ರಂಥದ ಎರಡು ಕಷಾಯಗಳನ್ನು ಗಮನಿಸಬೇಕು. ಮೊದಲನೆಯದು ಮಾಹ್ವಾಂಗ್ ತಾಂಗ್: ಮಾಹ್ವಾಂಗ್ 3 ಲ್ಯಾಂಗ್ (ತೂಕದ ಅಳತೆ), ಕ್ಯಾಸಿಯಾ ರೆಂಬೆ 2 ಲ್ಯಾಂಗ್, ಜ್ಯೇಷ್ಠಮಧು 1 ಲ್ಯಾಂಗ್, ಎಣಿಕೆಯಲ್ಲಿ 70 ಏಪ್ರಿಕಾಟ್ ಬೀಜದ ತಿರುಳುಗಳು. ಚಳಿ, ಮೈಕೈ ನೋವು, ಏದುಸಿರು ಇದ್ದು ಬೆವರೇ ಬಾರದ ರೋಗಿಗೆ ಇದು. ಎರಡನೆಯದರಲ್ಲಿ ಕ್ಯಾಸಿಯಾ ಇಲ್ಲ; ಆ ಜಾಗಕ್ಕೆ ಅರ್ಧ ಜಿನ್, ಅಂದರೆ 8 ಲ್ಯಾಂಗ್, ಜಿಪ್ಸಮ್ ಬರುತ್ತದೆ. ಮಾಹ್ವಾಂಗ್ 4 ಲ್ಯಾಂಗಿಗೆ ಏರುತ್ತದೆ. ಇದನ್ನು ಕೊಡುವುದು ಬೆವರುತ್ತಲೇ ಏದುಸಿರು ಬಿಡುವವನಿಗೆ! ಎಫೆಡ್ರಿನ್ ಒಂದನ್ನೇ ಲೆಕ್ಕಕ್ಕಿಟ್ಟರೆ, ಈಗಾಗಲೇ ಬೆವರುವವನಿಗೆ ಬೆವರಿಳಿಸುವ ಮಾಹ್ವಾಂಗ್ ಇನ್ನೂ ಹೆಚ್ಚು ಏಕೆಂಬುದು ಬಿಡಿಸಲಾಗದ ಒಗಟು. ಸಾಂಪ್ರದಾಯಿಕ ವ್ಯಾಖ್ಯಾನದಲ್ಲಿ, ಕ್ಯಾಸಿಯಾ ಜೊತೆಗಿದ್ದರೆ ಮಾಹ್ವಾಂಗ್ ಬೆವರಿಳಿಸುತ್ತದೆ. ತಂಪಿನ ಜಿಪ್ಸಮ್ ಜೊತೆಗಿದ್ದರೆ ಶ್ವಾಸಕೋಶದ ಉಷ್ಣವನ್ನು ಹೊರಹಾಕಿ ಉಸಿರಾಟವನ್ನು ಸರಾಗಗೊಳಿಸುತ್ತದೆ. ನೀರಿನಲ್ಲಿ ಅಷ್ಟಾಗಿ ಕರಗದ ಜಿಪ್ಸಮ್ ಕಷಾಯದಲ್ಲಿ ಮಾಡುವುದೇನು ಎಂಬ ಪ್ರಶ್ನೆ ಪ್ರಯೋಗಶಾಲೆಗೆ ಯೋಗ್ಯವಾದದ್ದು.

ತಯಾರಿಯಲ್ಲೂ ಎಚ್ಚರವಿದೆ. ಮಾಹ್ವಾಂಗನ್ನು ಮೊದಲು ಕುದಿಸಿ, ನೊರೆ ತೆಗೆದು, ಆಮೇಲೆ ಉಳಿದವನ್ನು ಹಾಕಬೇಕು. ಏಪ್ರಿಕಾಟ್ ತಿರುಳಿನ ಅಮಿಗ್ಡಲಿನ್ ಸಯನೈಡ್ ಬಿಡುಗಡೆ ಮಾಡಬಲ್ಲದು. ಜ್ಯೇಷ್ಠಮಧುವನ್ನು ಬಹುಕಾಲ ಸೇವಿಸಿದರೆ ಪೊಟ್ಯಾಸಿಯಂ ಕುಸಿದು ರಕ್ತದೊತ್ತಡ ಏರುತ್ತದೆ. ಪರಂಪರೆಯ ಹೆಸರಿನಲ್ಲಿ ಇವನ್ನು ಮರೆಮಾಚುವುದು ರೋಗಿಗೆ ಮಾಡುವ ದ್ರೋಹ.

ಮಾಹ್ವಾಂಗನ್ನು ಈ ಕಟ್ಟುಪಾಡಿನಿಂದ ಬಿಡಿಸಿ ತೂಕ ಇಳಿಸುವ ಗುಳಿಗೆಯಾಗಿ ಮಾರಿದಾಗ ಅಮೆರಿಕದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವುಗಳು ವರದಿಯಾದವು. 2004ರಲ್ಲಿ ಎಫೆಡ್ರಿನ್ ವರ್ಗದ ಕ್ಷಾರಾಭಗಳುಳ್ಳ ಪೂರಕ ಆಹಾರಗಳಿಗೆ ಅಲ್ಲಿ ನಿಷೇಧ ಬಂತು. ಸಾಂಪ್ರದಾಯಿಕ ಚೀನೀ ಔಷಧಗಳು ಆ ನಿಯಮದ ವ್ಯಾಪ್ತಿಗೆ ಸೇರಲಿಲ್ಲ. ಮಾಹ್ವಾಂಗ್ ಯಾರಿಗೆ ಸಲ್ಲದು ಎಂಬ ವಿವೇಚನೆ ಮೂಲಗ್ರಂಥದಲ್ಲೇ ಇತ್ತು: ಗಂಟಲು ಒಣಗಿದವರಿಗೂ ಮೂಗಿನಿಂದ ಪದೇ ಪದೇ ರಕ್ತ ಸುರಿಯುವವರಿಗೂ ಬೆವರಿಳಿಸುವ ಚಿಕಿತ್ಸೆಯನ್ನೇ ಅದು ನಿಷೇಧಿಸುತ್ತದೆ.