ಸಂದುಗಳ ಚರಿತ್ರೆ: ಪ್ರವಾಸಿ ಟ್ರೇಲರ್ ಮತ್ತು ಸೋರಿಕೆಯ ಪರೀಕ್ಷೆ

ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಪ್ರವಾಸಿ ಟ್ರೇಲರ್ ಅಮೆರಿಕದಲ್ಲಿ ಒಂದು ಉದ್ಯಮವಾಗಿ ಬೆಳೆಯಲು ಮಳೆಯೂ ಒಂದು ಕಾರಣ. 1920ರ ದಶಕದಲ್ಲಿ ಮೋಟಾರು ಪ್ರವಾಸ ಹೊರಡುವವರಿಗೆ ಕ್ಯಾನ್ವಾಸ್ ಡೇರೆಯೇ ಆಸರೆಯಾಗಿತ್ತು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಹುಟ್ಟಿದ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಸಂಘದವರು ಕಾರಿನ ಪಕ್ಕಕ್ಕೆ ಇಳಿಬಿಟ್ಟ ಡೇರೆಯಲ್ಲೇ ರಾತ್ರಿ ಕಳೆಯುತ್ತಿದ್ದರು. ನೆನೆದ ಕ್ಯಾನ್ವಾಸಿಗೆ ಒಳಗಿನಿಂದ ಕೈ ತಾಗಿದರೆ ಸಾಕು, ತಾಗಿದಲ್ಲಿಂದಲೇ ನೀರು ಜಿನುಗತೊಡಗುತ್ತದೆ.

ಡೆಟ್ರಾಯಿಟ್‌ನ ಆರ್ಥರ್ ಶರ್ಮನ್ ವೃತ್ತಿಯಲ್ಲಿ ಬ್ಯಾಕ್ಟೀರಿಯಾ ತಜ್ಞರು, ಔಷಧ ಕಂಪನಿಯೊಂದರ ಮುಖ್ಯಸ್ಥರು. 1929ರಲ್ಲಿ ಅವರು ಡೇರೆ-ಟ್ರೇಲರ್ ಒಂದನ್ನು ಕೊಂಡು ಹೆಂಡತಿ ಮಕ್ಕಳೊಂದಿಗೆ ಪ್ರವಾಸ ಹೊರಟರು. ಕೆಲವೇ ನಿಮಿಷದಲ್ಲಿ ಬಿಚ್ಚಿ ನಿಲ್ಲಿಸಬಹುದು ಎಂದು ಜಾಹೀರಾತು ಹೇಳಿತ್ತು. ನಿಲ್ಲಿಸಲು ಒದ್ದಾಡುತ್ತಿರುವಾಗಲೇ ಮಳೆ ಸುರಿದು ಮನೆಮಂದಿಯೆಲ್ಲ ತೊಯ್ದು ತೊಪ್ಪೆಯಾದರು. ಊರಿಗೆ ಮರಳಿದ ಮೇಲೆ ಶರ್ಮನ್ ಬಡಗಿಯೊಬ್ಬನಿಂದ ಆರು ಅಡಿ ಅಗಲ, ಒಂಬತ್ತು ಅಡಿ ಉದ್ದದ ಗಟ್ಟಿ ಗೋಡೆಯ ಬಿಡಾರವೊಂದನ್ನು ಮಾಡಿಸಿದರು. ಮಕ್ಕಳು ಅದನ್ನು ‘ಕವರ್ಡ್ ವ್ಯಾಗನ್’ ಎಂದು ಕರೆದರು, ಮುಂದೆ ಕಂಪನಿಗೂ ಅದೇ ಹೆಸರಾಯಿತು. 1930ರ ಜನವರಿಯಲ್ಲಿ ಡೆಟ್ರಾಯಿಟ್‌ನ ಮೋಟಾರು ಪ್ರದರ್ಶನದಲ್ಲಿ 400 ಡಾಲರ್ ಬೆಲೆಗೆ ಇಟ್ಟಾಗ 118 ಟ್ರೇಲರುಗಳಿಗೆ ಗಿರಾಕಿಗಳು ಸಿಕ್ಕರು. 1936ರ ಹೊತ್ತಿಗೆ ಕವರ್ಡ್ ವ್ಯಾಗನ್ ಅಮೆರಿಕದ ಅತಿ ದೊಡ್ಡ ಟ್ರೇಲರ್ ಕಂಪನಿಯಾಗಿತ್ತು.

ಶರ್ಮನ್ ಗೋಡೆಗೆ ಬಳಸಿದ್ದು ಮೇಸೊನೈಟ್. ಮರದ ನಾರನ್ನು ಬಿಸಿ ಮಾಡಿ ಒತ್ತಿ ಹಲಗೆಯಾಗಿಸಿದ ಈ ವಸ್ತುವನ್ನು ವಿಲಿಯಂ ಮೇಸನ್ 1924ರಲ್ಲಿ ಮಿಸಿಸಿಪ್ಪಿಯ ಲಾರೆಲ್‌ನಲ್ಲಿ ರೂಪಿಸಿದ್ದರು. ಅದರ ನುಣುಪು ಮುಖ ಮಳೆಯನ್ನು ಸಾಕಷ್ಟು ತಡೆಯುತ್ತದೆ, ಆದರೆ ಕೊಯ್ದ ಅಂಚು ನೀರು ಕುಡಿದು ಉಬ್ಬುತ್ತದೆ. ಮುಂದೆ ಬಂದ ಎಲ್ಲ ಸೋರಿಕೆಗಳ ಮೂಲವೂ ಇಲ್ಲೇ ಇದೆ. ಹಾಳೆಯಾಗಲಿ ಹಲಗೆಯಾಗಲಿ ತಾನಾಗಿ ಸೋರುವುದು ಅಪರೂಪ. ಸೋರುವುದು ಎರಡು ತುಂಡುಗಳು ಕೂಡುವ ಸಂದು. ಮನೆಯ ಸಂದು ಕಟ್ಟಿದಲ್ಲೇ ಇರುತ್ತದೆ. ಟ್ರೇಲರಿನ ಸಂದು ರಸ್ತೆಯ ಪ್ರತಿ ಕುಲುಕಿಗೂ ಅಲುಗುತ್ತದೆ, ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ. ಮುಂದಿನ ದಶಕಗಳಲ್ಲಿ ಹೊಸ ಸಾಮಗ್ರಿ ಬಂದಾಗಲೆಲ್ಲ ಸಂದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಿತು, ಕೊಳ್ಳುವವರು ನೋಡಬೇಕಾದ ಜಾಗವೂ ಅದರೊಂದಿಗೇ ಬದಲಾಯಿತು.

ಸಂದನ್ನು ಬಿಗಿ ಮಾಡುವ ಮೊದಲ ದೊಡ್ಡ ಯತ್ನ ನಡೆದದ್ದು ವಿಮಾನ ಕಟ್ಟುವವರಿಂದ. ಚಾರ್ಲ್ಸ್ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ವಿಮಾನದ ನಿರ್ಮಾಣ ನೋಡಿಕೊಂಡಿದ್ದ ಹಾಲಿ ಬೌಲಸ್, 1934ರಲ್ಲಿ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಕೂಡಿಸಿದ ‘ರೋಡ್ ಚೀಫ್’ ಟ್ರೇಲರನ್ನು ತಂದರು. ಅದರ ಜಾಡಿನಲ್ಲೇ ವಾಲಿ ಬಯಾಮ್ ಅವರ ಏರ್‌ಸ್ಟ್ರೀಮ್ ಕಂಪನಿ 1936ರಲ್ಲಿ 1,200 ಡಾಲರಿನ ‘ಕ್ಲಿಪ್ಪರ್’ ಮಾಡಿತು. ದುಂಡನೆಯ ಮೈಯಲ್ಲಿ ನೀರು ನಿಲ್ಲಲು ಮೂಲೆಯಿರಲಿಲ್ಲ. ಆದರೆ ಪ್ರತಿ ರಿವೆಟ್ಟೂ ತಗಡಿಗೆ ಕೊರೆದ ಒಂದು ತೂತು. ಕಿಟಕಿ, ಬಾಗಿಲು, ಗಾಳಿಕಿಂಡಿಗಳ ಸುತ್ತ ಸಂದು ಇದ್ದೇ ಇತ್ತು. ಅಲ್ಲಿ ನುಗ್ಗಿದ ನೀರು ಹೊರ ತಗಡಿಗೂ ಒಳ ತಗಡಿಗೂ ನಡುವೆ ಇಳಿದು ಪ್ಲೈವುಡ್ ನೆಲದ ಅಂಚಿನಲ್ಲಿ ನಿಲ್ಲುತ್ತಿತ್ತು. ಹೊರಗಿನ ಮೈ ಕನ್ನಡಿಯಂತೆ ಹೊಳೆಯುತ್ತಿರುವಾಗಲೇ ಕೆಳಗೆ ಮರ ಕೊಳೆಯುತ್ತಿತ್ತು. ಹಳೆಯ ಏರ್‌ಸ್ಟ್ರೀಮ್ ಕೊಳ್ಳುವ ಅನುಭವಸ್ಥರು ಈಗಲೂ ಮೊದಲು ಬಗ್ಗಿ ನೋಡುವುದು ಹಿಂಬದಿಯ ನೆಲದ ಅಂಚನ್ನು. ಕಂಪನಿಯೂ ಇದನ್ನು ಬಲ್ಲದು: ಓಹಾಯೊದ ಜಾಕ್ಸನ್ ಸೆಂಟರಿನ ಕಾರ್ಖಾನೆಯಲ್ಲಿ ಟ್ರೇಲರುಗಳ ಮೇಲೆ ಜೋರಾಗಿ ನೀರು ಎರಚಿ ಪರೀಕ್ಷಿಸಿಯೇ ಹೊರಗೆ ಕಳಿಸುತ್ತಾರೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಯೂಮಿನಿಯಂ ವಿಮಾನಗಳ ಪಾಲಾಯಿತು, ಟ್ರೇಲರುಗಳು ಯುದ್ಧ ಕಾರ್ಖಾನೆಗಳ ಕೆಲಸಗಾರರಿಗೆ ವರ್ಷಪೂರ್ತಿ ಮನೆಯಾದವು. ಒಲೆಯ ಹಬೆ, ಮನುಷ್ಯರ ಉಸಿರು ತಣ್ಣನೆಯ ಗೋಡೆಗೆ ತಾಗಿ ಹನಿಗಟ್ಟಿ ಇಳಿಯುವುದು ಆಗ ದಿನನಿತ್ಯದ ಕಾಟ. ಇದೂ ತೇವವೇ, ಆದರೆ ಸೋರಿಕೆ ಬೇರೆ. ಹಬೆಯ ಪಸೆ ಕಿಟಕಿಯ ಗಾಜಿನ ಮೇಲೆ, ಗಾಳಿಯಾಡದ ಮೂಲೆಯಲ್ಲಿ ಹರಡಿಕೊಳ್ಳುತ್ತದೆ. ಸೋರಿದ ನೀರು ಒಂದು ಜಾಡು ಹಿಡಿದು ಇಳಿದು, ಒಣಗಿದಾಗ ಕಂದು ಅಂಚಿನ ಕಲೆ ಉಳಿಸುತ್ತದೆ. ಇವೆರಡರ ಭೇದ ತಿಳಿಯುವುದು ಪರೀಕ್ಷೆಯ ಅರ್ಧ ಭಾಗ.

ಯುದ್ಧದ ನಂತರ ಇಂಡಿಯಾನಾದ ಎಲ್ಕ್‌ಹಾರ್ಟ್ ಈ ಉದ್ಯಮದ ರಾಜಧಾನಿಯಾಗಿ ಬೆಳೆಯಿತು. 1950 ಮತ್ತು 60ರ ದಶಕದ ಜನಪ್ರಿಯ ಟ್ರೇಲರುಗಳು, ಶಾಸ್ಟಾ ಮತ್ತು ಸೆರೊ ಸ್ಕಾಟಿಯಂಥವು, ಕಟ್ಟಲು ಸುಲಭ, ಬೆಲೆ ಕಡಿಮೆ. ತೆಳು ಮರದ ಪಟ್ಟಿಗಳ ಚೌಕಟ್ಟು, ಒಳಗೆ ಪ್ಲೈವುಡ್, ಹೊರಗೆ ತೆಳು ಅಲ್ಯೂಮಿನಿಯಂ ಹೊದಿಕೆ. ಛಾವಣಿಯ ತಗಡೂ ಪಕ್ಕದ ತಗಡೂ ಕೂಡುವ ಅಂಚಿನುದ್ದಕ್ಕೂ ಪುಟ್ಟಿ ಟೇಪು ಹಚ್ಚಿ, ಮೇಲೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ ತಿರುಪು ಬಿಗಿಯುತ್ತಿದ್ದರು. ಸೋರಿಕೆಯ ಇಡೀ ಶಾಸ್ತ್ರವನ್ನು ಈ ಒಂದು ಅಂಚಿನಿಂದ ಕಲಿಯಬಹುದು. ವರ್ಷಗಳು ಕಳೆದಂತೆ ಪುಟ್ಟಿ ಒಣಗಿ ಬಿರಿಯುತ್ತದೆ. ಉಕ್ಕಿನ ತಿರುಪು ತುಕ್ಕು ಹಿಡಿದು ಸಡಿಲಾಗುತ್ತದೆ. ತಿರುಪಿನ ತೂತಿನಲ್ಲಿ ಇಳಿದ ಹನಿ ಮರದ ಪಟ್ಟಿಯನ್ನು ನೆನೆಸುತ್ತದೆ, ನೆನೆದ ಮರ ತಿರುಪನ್ನು ಹಿಡಿಯಲಾರದು, ಹಿಡಿತ ತಪ್ಪಿದ ತಿರುಪಿನ ಸುತ್ತ ಇನ್ನಷ್ಟು ನೀರು ಇಳಿಯುತ್ತದೆ. ಮೇಲಿನ ಅಂಚಿಗೆ ಕೂರಿಸಿದ ಸಣ್ಣ ದೀಪಗಳದ್ದೂ ಕಿಟಕಿಯ ಚೌಕಟ್ಟಿನ ತಲೆಯದ್ದೂ ಇದೇ ಕಥೆ. ನೀರು ಹೊಕ್ಕ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು: ಮುಂದಿನ ಗಾಳಿಕಿಂಡಿಯಲ್ಲಿ ಇಳಿದದ್ದು ಚೌಕಟ್ಟಿನ ಮರ ಹಿಡಿದು ಹರಿದು ಹಿಂದಿನ ಮೂಲೆಯ ಕಪಾಟಿನಲ್ಲಿ ಕಾಣಬಹುದು.

ಆ ಕಾಲದಲ್ಲಿ ಬಲ್ಲವರು ಪರೀಕ್ಷಿಸುತ್ತಿದ್ದ ಬಗೆಗೆ ಯಂತ್ರ ಬೇಕಿರಲಿಲ್ಲ. ಬಾಗಿಲು ತೆರೆದ ಕೂಡಲೇ ಮೂಗಿಗೆ ಮುಗ್ಗಲು ವಾಸನೆ ಬಡಿಯುತ್ತದೆಯೇ ಎಂದು ನೋಡುವುದು; ಅದಕ್ಕಾಗಿಯೇ ಟ್ರೇಲರನ್ನು ಮುಚ್ಚಿಟ್ಟಿರುವಂತೆ ಮೊದಲೇ ಹೇಳುವುದು. ಕಿಟಕಿಯ ಕೆಳಗೂ ಮೂಲೆಗಳಲ್ಲೂ ಹೆಬ್ಬೆರಳಿನಿಂದ ಒತ್ತುವುದು. ಹಾಸಿಗೆ ಎತ್ತಿ ಕೆಳಗಿನ ಹಲಗೆ ನೋಡುವುದು, ಕಪಾಟಿನ ಒಳ ಮೂಲೆಗೆ ಕೈ ಹಾಕಿ ತಡಕುವುದು, ನೆಲದ ಮೇಲೆ ಭಾರ ಹಾಕಿ ನಡೆದು ಎಲ್ಲಿ ಕುಗ್ಗುತ್ತದೆಂದು ಗಮನಿಸುವುದು. ಹೊಸದಾಗಿ ಬಳಿದ ಬಣ್ಣ, ಒಂದೇ ಮೂಲೆಗೆ ಮೆತ್ತಿದ ತಾಜಾ ಅಂಟು ಕಂಡರೆ ಅನುಮಾನಿಸುವುದು. ಇವುಗಳಲ್ಲಿ ಯಾವುದೂ ಹಳತಾಗಿಲ್ಲ. ಮುಂದೆ ಬಂದ ಉಪಕರಣಗಳು ಈ ಕೈ ಕಣ್ಣು ಮೂಗಿಗೆ ನೆರವಾದವೇ ಹೊರತು ಅವುಗಳ ಸ್ಥಾನ ಕಸಿಯಲಿಲ್ಲ.

ಸಂದುಗಳನ್ನೇ ಕಡಿಮೆ ಮಾಡುವ ದಾರಿ ಕೆನಡಾದಲ್ಲಿ ಹೊಳೆಯಿತು. ಫೈಬರ್‌ಗ್ಲಾಸಿನ ಮಲಗುಂಡಿ ತೊಟ್ಟಿಯ ಕೆಲಸದಲ್ಲಿ ತೊಡಗಿದ್ದ ವಿನಿಪೆಗ್‌ನ ರೇ ಒಲೆಕೊ, ಅದೇ ವಸ್ತುವಿನಿಂದ 1968ರಲ್ಲಿ ‘ಬೋಲರ್’ ಎಂಬ 13 ಅಡಿಯ ಪುಟ್ಟ ಟ್ರೇಲರ್ ಮಾಡಿದರು. ಮೇಲೊಂದು ಕೆಳಗೊಂದು ಚಿಪ್ಪು, ನಡುವೆ ಒಂದೇ ಸುತ್ತು ಸಂದು. ಛಾವಣಿಯ ಅಂಚಿನ ಕಾಟ ಅಲ್ಲಿಗೆ ತೀರಿತು. ಕಿಟಕಿಗಳೂ ಕಪಾಟು ಹಿಡಿದ ರಿವೆಟ್ಟುಗಳೂ ಮಾತ್ರ ಸೋರುವುದನ್ನು ಬಿಡಲಿಲ್ಲ.

ಮುಖ್ಯ ಉದ್ಯಮ ಬೇರೆ ದಾರಿ ಹಿಡಿಯಿತು. 1980ರ ದಶಕದಿಂದ ಛಾವಣಿಗೆ ತಗಡಿನ ಬದಲು ಅಗಲವಾದ ಒಂದೇ ರಬ್ಬರ್ ಹಾಳೆ ಬಂತು. ಹಾಳೆಗೆ ಅಡ್ಡ ಸಂದಿಲ್ಲ. ಆದರೆ ಗಾಳಿಕಿಂಡಿ, ಹವಾನಿಯಂತ್ರಕ, ಆಂಟೆನಾ, ಕೊಳವೆ, ಏಣಿ ಎಂದು ಅದೇ ಹಾಳೆಯನ್ನು ಹತ್ತಾರು ಕಡೆ ಕೊಯ್ಯುತ್ತಾರೆ. ಒಂದೊಂದು ಕೊಯ್ತದ ಸುತ್ತಲೂ ಮಂದ ಅಂಟು ಸುರಿದು ಮುಚ್ಚಬೇಕು, ಆ ಅಂಟು ಬಿಸಿಲಿಗೆ ಬಿರಿಯುತ್ತದೆ. ಕಂಪನಿಗಳ ಕೈಪಿಡಿಗಳು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಛಾವಣಿಯ ಅಂಟನ್ನು ನೋಡಬೇಕೆಂದು ಹೇಳುವುದೂ, ನೋಡದಿದ್ದರೆ ವಾರಂಟಿ ನಿರಾಕರಿಸುವುದೂ ಇದೇ ಕಾರಣಕ್ಕೆ. ಗೋಡೆಗಳೂ ಬದಲಾದವು: ಫೈಬರ್‌ಗ್ಲಾಸ್ ಹಾಳೆ, ತೆಳು ಪ್ಲೈವುಡ್, ಫೋಮು ಮೂರನ್ನೂ ಒತ್ತಿ ಅಂಟಿಸಿದ ಪದರಗೋಡೆ. ಇದರೊಳಗೆ ನೀರು ಹೊಕ್ಕರೆ ಅಂಟು ಬಿಟ್ಟು ಹೊರ ಹಾಳೆ ಉಬ್ಬುತ್ತದೆ, ದುರಸ್ತಿ ಬಲು ದುಬಾರಿ. ಉಬ್ಬು ಎದುರಿನಿಂದ ಕಾಣದು. ಗೋಡೆಗೆ ಕೆನ್ನೆ ತಾಗಿಸುವಷ್ಟು ಹತ್ತಿರ ನಿಂತು ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದರೆ ಅಲೆಯಾಗಿ ಕಾಣುತ್ತದೆ. 1990ರಲ್ಲಿ ನ್ಯೂಮಾರ್ ಕಂಪನಿ ಮೋಟಾರು ಬಿಡಾರಕ್ಕೆ ತಂದ, ಗುಂಡಿ ಒತ್ತಿದರೆ ಹೊರಚಾಚುವ ಕೋಣೆ ಬೇಗನೆ ಟ್ರೇಲರುಗಳಿಗೂ ಹಬ್ಬಿತು. ಗೋಡೆಯಲ್ಲಿ ದೊಡ್ಡ ಕಂಡಿ ಕೊರೆದು, ಅಲುಗುವ ರಬ್ಬರ್ ಅಂಚೊಂದನ್ನೇ ಮಳೆಗೆ ಕಾವಲಿಟ್ಟಂತಾಯಿತು.

ಕಾಣದ ತೇವವನ್ನು ಅಳೆಯುವ ಉಪಕರಣ ಬಂದದ್ದು ಮರದ ವ್ಯಾಪಾರದಿಂದ. ಒಣ ಮರದಲ್ಲಿ ವಿದ್ಯುತ್ ಸುಲಭವಾಗಿ ಹರಿಯದು, ತೇವ ಹೆಚ್ಚಿದಂತೆ ಹರಿಯುತ್ತದೆ. ಎರಡು ಸೂಜಿ ಚುಚ್ಚಿ ಈ ವ್ಯತ್ಯಾಸವನ್ನು ಅಳೆಯುವುದೇ ತೇವಮಾಪಕ. ಮರ ಕೊಳೆಸುವ ಶಿಲೀಂಧ್ರಕ್ಕೆ ಶೇ. 20ಕ್ಕಿಂತ ಹೆಚ್ಚು ತೇವ ಬೇಕು. ಬ್ರಿಟನ್ನಿನಲ್ಲಿ ಈ ಮಾಪನ ಪದ್ಧತಿಯೇ ಆಗಿಬಿಟ್ಟಿದೆ. ಅಲ್ಲಿ ವರ್ಷಕ್ಕೊಮ್ಮೆ ತೇವ ಪರೀಕ್ಷೆ ಮಾಡಿಸದಿದ್ದರೆ ಕ್ಯಾರವಾನಿನ, ಅಂದರೆ ಟ್ರೇಲರಿನ, ಸೋರಿಕೆ ವಾರಂಟಿ ಉಳಿಯದು. ಶೇ. 15ರ ಒಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ದುರಸ್ತಿ, 30 ದಾಟಿದರೆ ಒಳಗಿನ ಚೌಕಟ್ಟೇ ಹಾಳಾಗಿದೆ ಎಂಬ ಲೆಕ್ಕ ರೂಢಿಯಲ್ಲಿದೆ. ಅಮೆರಿಕದಲ್ಲಿ ಅಂಥ ಕಟ್ಟುನಿಟ್ಟು ಬೆಳೆಯಲಿಲ್ಲ, ಇದು ಕೊಳ್ಳುವವರಿಗೆ ಆದ ನಷ್ಟವೇ ಸರಿ. ಹೊಸ ಟ್ರೇಲರಿನ ಗೋಡೆಗೆ ಸೂಜಿ ಚುಚ್ಚಲು ಮಾರುವವರು ಒಪ್ಪುವುದಿಲ್ಲವಾದ್ದರಿಂದ ಸೂಜಿಯಿಲ್ಲದ ಮಾಪಕ ಬಳಸುತ್ತಾರೆ. ಗೋಡೆಯ ಹಿಂದೆ ಲೋಹವಿದ್ದರೆ ಅದು ತಪ್ಪು ತೋರಿಸುತ್ತದೆ. ಹಾಗಾಗಿ ಒಂದೇ ಅಂಕಿ ನಂಬದೆ, ಒಣಗಿದೆಯೆಂದು ಖಚಿತವಿರುವ ಜಾಗದ ಅಂಕಿಗೆ ಹೋಲಿಸಬೇಕು.

ಆದರೆ ತೇವಮಾಪಕ ಹೇಳುವುದು ಆಗಲೇ ಒಳಗಿಳಿದ ನೀರಿನ ಮಾತು. ಕಾರ್ಖಾನೆಯಿಂದ ಬಂದ ಮೇಲೆ ಮಳೆಯನ್ನೇ ಕಾಣದ ಟ್ರೇಲರಿನಲ್ಲಿ ಸಂದು ಬಿಟ್ಟಿದ್ದರೂ ಗೋಡೆ ಒಣಗಿಯೇ ಇರುತ್ತದೆ. ಹೊಸದರ ಪರೀಕ್ಷೆ ಕಷ್ಟವಾಗುವುದು ಇಲ್ಲಿ. ಕೊಳಾಯಿ ಹಿಡಿದು ನೀರು ಬಿಡುವುದು ಒಂದು ದಾರಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋದರೆ ಮಾತ್ರ ಯಾವ ಸಂದು ಸೋರಿತೆಂದು ತಿಳಿಯುತ್ತದೆ, ಮೇಲಿನಿಂದ ಸುರಿದರೆ ಎಲ್ಲ ಸಂದೂ ಒಟ್ಟಿಗೆ ನೆನೆಯುತ್ತದೆ. ಇನ್ನೊಂದು ದಾರಿ ಹೆಚ್ಚು ನಂಬಿಕೆಗೆ ಅರ್ಹ. ಛಾವಣಿಯ ಗಾಳಿಕಿಂಡಿಗೆ ಊದುಯಂತ್ರ ಕೂರಿಸಿ, ಉಳಿದ ಕಿಂಡಿಗಳನ್ನು ಮುಚ್ಚಿ, ಒಳಗೆ ಸ್ವಲ್ಪ ಗಾಳಿಯ ಒತ್ತಡ ತುಂಬಿ, ಹೊರಗಿನ ಸಂದುಗಳಿಗೆಲ್ಲ ಸೋಪಿನ ನೀರು ಸಿಂಪಡಿಸುವುದು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುವ ಹಾಗೆ, ಗುಳ್ಳೆ ಎದ್ದಲ್ಲಿ ತೂತು. ಕೆಲವು ಕಾರ್ಖಾನೆಗಳೂ ಅಂಗಡಿಗಳೂ ಈ ಯಂತ್ರ ಇಟ್ಟುಕೊಂಡಿವೆ. ಕೊಳ್ಳುವವರು ದುಡ್ಡು ಕೊಟ್ಟಾದರೂ ಮಾಡಿಸಿಕೊಳ್ಳುವುದು ಒಳಿತು.

ಮಳೆಯ ನೀರಿನ ಜೊತೆಗೆ ಟ್ರೇಲರಿನೊಳಗಿನ ನೀರೂ ಸೋರುತ್ತದೆ. ಮೊದಲ ಟ್ರೇಲರುಗಳಲ್ಲಿ ಇದ್ದುದು ಕೈಪಂಪು, ಒಂದು ಸಣ್ಣ ತೊಟ್ಟಿ. ಒತ್ತಡದ ನೀರು, ಸ್ನಾನದ ಕೋಣೆ, ಬಿಸಿನೀರಿನ ಹಂಡೆ ಬಂದಂತೆ ಗೋಡೆಯೊಳಗಿನ ಕೊಳವೆಯ ಜೋಡಣೆಗಳೂ ಬೆಳೆದವು. 1970ರ ದಶಕದ ಕೊನೆಯಿಂದ 1995ರವರೆಗೆ ಬಳಕೆಯಲ್ಲಿದ್ದ ಬೂದು ಬಣ್ಣದ ಪಾಲಿಬ್ಯುಟಿಲೀನ್ ಕೊಳವೆ ಕ್ಲೋರಿನ್ ನೀರಿಗೆ ಬಿರಿದು ಅಮೆರಿಕದ ಮನೆಗಳಲ್ಲೂ ಟ್ರೇಲರುಗಳಲ್ಲೂ ಅವಾಂತರ ಮಾಡಿತು. ನಂತರ ಪೆಕ್ಸ್ ಕೊಳವೆ ಬಂತು. ಪರೀಕ್ಷೆ ಸರಳ. ತೊಟ್ಟಿ ತುಂಬಿ, ನಲ್ಲಿಗಳೆಲ್ಲ ಮುಚ್ಚಿ ಪಂಪು ಹಾಕಬೇಕು. ಒತ್ತಡ ಏರಿ ಪಂಪು ನಿಂತ ಮೇಲೆ, ಯಾರೂ ನಲ್ಲಿ ಮುಟ್ಟದಿದ್ದರೂ ಅದು ಮತ್ತೆ ಗುರ್ ಎಂದರೆ ಎಲ್ಲೋ ನೀರು ಹೋಗುತ್ತಿದೆ. ಹೊರಗಿನ ನಲ್ಲಿಯಿಂದ ಬರುವ ದಾರಿ ಬೇರೆಯಾದ್ದರಿಂದ ಅದನ್ನೂ ಪ್ರತ್ಯೇಕವಾಗಿ ನೋಡಬೇಕು. ಚಳಿಗಾಲದಲ್ಲಿ ಅಂಗಡಿಯ ಅಂಗಳದಲ್ಲಿ ನಿಂತ ಹೊಸ ಟ್ರೇಲರಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಜೋಡಣೆಗಳನ್ನು ಸೀಳಿರಬಹುದು. ಅಡಿಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದ ಮಾದರಿಗಳಲ್ಲಿ ಈ ನೀರು ಹಾಳೆಯೊಳಗೇ ನಿಂತು ಹೊಟ್ಟೆ ಜೋತುಬೀಳುತ್ತದೆ.

ಅಮೆರಿಕದ ಟ್ರೇಲರುಗಳ ಬಾಗಿಲ ಬಳಿ ಕಾಣುವ ಉದ್ಯಮ ಸಂಘದ ಮುದ್ರೆ ಅನಿಲ, ವಿದ್ಯುತ್, ಬೆಂಕಿ, ಕೊಳಾಯಿ ವ್ಯವಸ್ಥೆಯ ಸುರಕ್ಷತಾ ನಿಯಮಗಳಿಗೆ ಸಂಬಂಧಿಸಿದ್ದು. ಛಾವಣಿ ಸೋರದು ಎಂಬ ಭರವಸೆ ಅದರಲ್ಲಿಲ್ಲ. 1982ರಲ್ಲಿ ಕನೆಕ್ಟಿಕಟ್‌ನಿಂದ ಶುರುವಾದ, ದೋಷಪೂರಿತ ವಾಹನ ಕೊಂಡವರನ್ನು ಕಾಯುವ ಕಾನೂನುಗಳು ಹಲವು ರಾಜ್ಯಗಳಲ್ಲಿ ಎಳೆಯುವ ಟ್ರೇಲರನ್ನೋ ವಾಸದ ಭಾಗವನ್ನೋ ಹೊರಗಿಟ್ಟಿವೆ. ಕೋವಿಡ್ ಕಾಲದ ಬೇಡಿಕೆಯಲ್ಲಿ, 2021ರ ಒಂದೇ ವರ್ಷ 6 ಲಕ್ಷ ಪ್ರವಾಸಿ ವಾಹನಗಳು ಕಾರ್ಖಾನೆಗಳಿಂದ ಹೊರಬಿದ್ದವು, ಅವುಗಳಲ್ಲಿ ಬಹುಪಾಲು ಎಳೆಯುವಂಥವು. ಅವಸರದಲ್ಲಿ ಅಂಟು ಹಚ್ಚಲು ಮರೆತ ಒಂದು ದೀಪ, ಮರಕ್ಕೆ ತಾಗದ ಒಂದು ತಿರುಪು ಸಾಕು. ಸರಿಯಾಗಿ ಕಟ್ಟಿದ್ದೂ ಎಲ್ಕ್‌ಹಾರ್ಟ್‌ನಿಂದ ನೂರಾರು ಮೈಲಿ ಕುಲುಕುತ್ತ ಅಂಗಡಿ ತಲುಪುತ್ತದೆ; ಕಾರ್ಖಾನೆಯ ಪರೀಕ್ಷೆ ಆ ದಾರಿಗಿಂತ ಮುಂಚಿನದು. ಆದ್ದರಿಂದಲೇ ಕೊನೆಯ ಕಂತು ಕೊಟ್ಟು ಸಹಿ ಹಾಕುವ ಮೊದಲು ಅರ್ಧ ದಿನವಾದರೂ ಹಿಡಿಯುವ ತಪಾಸಣೆ ಈಗ ರೂಢಿಗೆ ಬಂದಿದೆ. ಮೊದಲು ಛಾವಣಿಗೆ ಏಣಿ, ಆಮೇಲೆ ಹೊರ ಗೋಡೆ, ಹೊರಚಾಚುವ ಕೋಣೆಯ ರಬ್ಬರು, ಕಪಾಟುಗಳ ಒಳ ಮೂಲೆ, ಕೊಳಾಯಿ, ಕೊನೆಗೆ ಅಡಿಭಾಗ. ಕಂಡ ದೋಷಗಳನ್ನು ಅಂಗಡಿಯವರ ಸಹಿಯೊಂದಿಗೆ ಬರೆಸಿಕೊಂಡು, ದುರಸ್ತಿಯಾದ ಮೇಲೆ ಅದೇ ಜಾಗಕ್ಕೆ ಮತ್ತೆ ನೀರು ಬಿಟ್ಟು ನೋಡಿ, ಆಮೇಲೆ ಹಣ ಕೊಡುತ್ತಾರೆ. ಮೊದಲ ದೂರ ಪ್ರಯಾಣ ಮುಗಿದ ಕೂಡಲೇ ಛಾವಣಿಯ ಸಂದುಗಳನ್ನು ಇನ್ನೊಮ್ಮೆ ನೋಡುತ್ತಾರೆ, ಏಕೆಂದರೆ ಅಂಗಳದಲ್ಲಿ ಮುಚ್ಚಿದ್ದ ಸಂದು ರಸ್ತೆಯಲ್ಲಿ ಬಿಡಬಹುದು, ಆಗಲೂ ವಾರಂಟಿಯ ಅವಧಿ ಉಳಿದಿರುತ್ತದೆ.