377: ಒಂದು ಸಂಖ್ಯೆಯ ಪಯಣ

ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್. ಭಾಷೆ, ಧರ್ಮ, ಆಡಳಿತ ಎಲ್ಲೆಡೆಯೂ ಒಂದೇ ಅಲ್ಲ. ಆದರೆ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಸೆಕ್ಷನ್ ಮೂರೂ ಕಡೆ ಒಂದೇ: 377. ಮಲೇಷ್ಯಾದಲ್ಲಿ ಅದಕ್ಕೆ 'ಎ' ಎಂಬ ಅಕ್ಷರ ಸೇರಿದೆ, ಅಷ್ಟೇ. ಇದೇನೂ ಕಾಕತಾಳೀಯವಲ್ಲ. ಈ ದೇಶಗಳ ದಂಡ ಸಂಹಿತೆಗಳೆಲ್ಲ ಬ್ರಿಟಿಷರು ಕಲ್ಕತ್ತಾದಲ್ಲಿ ಅಂಗೀಕರಿಸಿದ 1860ರ ಭಾರತೀಯ ದಂಡ ಸಂಹಿತೆಯ ಸಂತಾನ.

ಆ ಸಂಹಿತೆಯ ಮೊದಲ ಕರಡು 1837ರದು, ಮೆಕಾಲೆಯ ನೇತೃತ್ವದ್ದು. ಉಳಿದ ಎಷ್ಟೋ ಅಪರಾಧಗಳ ಬಗ್ಗೆ ದೀರ್ಘ ಟಿಪ್ಪಣಿ ಬರೆದ ಅವನು, ಈ ವಿಷಯಕ್ಕೆ ಬಂದಾಗ ಇದನ್ನು ಚರ್ಚಿಸುವುದೇ ಸಮಾಜದ ನೀತಿಗೆ ಹಾನಿಕರವೆಂದು ಪಕ್ಕಕ್ಕೆ ಸರಿದ. 1860ರ ಅಂತಿಮ ಪಾಠದಲ್ಲಿ ಅಪರಾಧದ ಹೆಸರು 'ಪ್ರಕೃತಿಯ ನಿಯಮಕ್ಕೆ ವಿರುದ್ಧವಾದ' ಸಂಭೋಗ ಎಂದಾಯಿತು. ಆ ನಿಯಮ ಯಾವುದೆಂದು ಕಾನೂನು ಹೇಳಲಿಲ್ಲ. ಶಿಕ್ಷೆ ಮಾತ್ರ ಸ್ಪಷ್ಟವಾಗಿತ್ತು: ಹತ್ತು ವರ್ಷ, ಇಲ್ಲವೇ ಜೀವಾವಧಿ.

ವಿವರಣೆಯಿಲ್ಲದ ಈ ಮಾತು ಹಡಗು ಹತ್ತಿತು. 1870ರ ದಶಕದಲ್ಲಿ ಸಿಂಗಾಪುರ ಮುಟ್ಟಿತು. ಅಲ್ಲಿ 1938ರಲ್ಲಿ ಗಂಡಸರ ನಡುವಿನ ಸಂಬಂಧಕ್ಕೆಂದೇ 377ಎ ಸೇರಿತು. ಉಗಾಂಡಾದ ಸಂಹಿತೆಯಲ್ಲಿ ಸಂಖ್ಯೆ ಬೇರೆಯಾದರೂ 'ಪ್ರಕೃತಿಯ ನಿಯಮ' ಹಾಗೇ ಉಳಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್ 1967ರಲ್ಲಿ, ವಯಸ್ಕ ಗಂಡಸರ ಖಾಸಗಿ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದವು. ಆ ಹೊತ್ತಿಗೆ ವಸಾಹತುಗಳಲ್ಲಿ ಹೆಚ್ಚಿನವು ಸ್ವತಂತ್ರವಾಗಿದ್ದವು, ಹೊರಗಿನಿಂದ ಬಂದ ಕಾನೂನು ಅಲ್ಲಿ ಮನೆಯದೇ ಆಗಿಬಿಟ್ಟಿತ್ತು. ಸಲಿಂಗ ಪ್ರೇಮ ಪಾಶ್ಚಾತ್ಯರ ಪಿಡುಗು, ನಮ್ಮ ಸಂಸ್ಕೃತಿಯದಲ್ಲ ಎಂದು ಗುಡುಗುವ ರಾಜಕಾರಣಿಗಳು ಕಾಯುತ್ತಿದ್ದುದು ವಿಕ್ಟೋರಿಯಾ ಕಾಲದ ಇಂಗ್ಲಿಷ್ ವಾಕ್ಯವನ್ನು. ಉಗಾಂಡಾ 2023ರಲ್ಲಿ ಇನ್ನೂ ಮುಂದೆ ಹೋಗಿ, ಕೆಲವು ಪ್ರಕರಣಗಳಿಗೆ ಮರಣದಂಡನೆಯನ್ನೂ ವಿಧಿಸಿತು.

ಹೀಗೆ ಒಟ್ಟಿಗೆ ಬಂದದ್ದನ್ನು ಒಬ್ಬೊಬ್ಬರೇ ಕಿತ್ತೆಸೆಯಬೇಕಾಗಿದೆ. ಭಾರತದಲ್ಲಿ 2009ರಲ್ಲಿ ದೆಹಲಿ ಹೈಕೋರ್ಟ್ ಬಿಡುಗಡೆ ಕೊಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಿಂದಕ್ಕೆ ಪಡೆಯಿತು, 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಮತ್ತೆ ಕೊಟ್ಟಿತು. ಸಿಂಗಾಪುರ 2022ರಲ್ಲಿ 377ಎ ರದ್ದು ಮಾಡಿತು; ಜೊತೆಗೇ, ಮದುವೆಯ ವ್ಯಾಖ್ಯೆಯನ್ನು ಕೋರ್ಟಿನಲ್ಲಿ ಪ್ರಶ್ನಿಸದಂತೆ ಸಂವಿಧಾನವನ್ನೂ ತಿದ್ದಿತು. ಭಾರತದ ಸುಪ್ರೀಂ ಕೋರ್ಟ್ 2023ರಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪದೆ, ಅದು ಶಾಸಕಾಂಗದ ಕೆಲಸವೆಂದಿತು.

ಅಪರಾಧವಲ್ಲ ಎನಿಸಿಕೊಳ್ಳುವುದಕ್ಕೂ ಹಕ್ಕು ಪಡೆಯುವುದಕ್ಕೂ ಇರುವ ದೂರ ಇದು. 2018ರ ತೀರ್ಪು ಸಮ್ಮತಿಯಿಲ್ಲದ ಕೃತ್ಯಗಳ ಮಟ್ಟಿಗೆ 377ನ್ನು ಉಳಿಸಿತ್ತು. ಗಂಡಸರ ಮೇಲಿನ ಅತ್ಯಾಚಾರಕ್ಕೆ ಇದ್ದ ಕಾನೂನು ಅದೊಂದೇ. ಅಷ್ಟು ಭಾಗ ಉಳಿಯಲಿ ಎಂದು ಸಂಸದೀಯ ಸ್ಥಾಯಿ ಸಮಿತಿ ಶಿಫಾರಸು ಮಾಡಿತ್ತು. ಆದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ ಇಲ್ಲ, ಅದರ ಜಾಗಕ್ಕೆ ಇನ್ನೊಂದೂ ಬಂದಿಲ್ಲ. ಮೆಕಾಲೆ ಮಾತಾಡಲು ಒಲ್ಲದ ಜಾಗದಲ್ಲಿ ಹೊಸ ಸಂಹಿತೆಯೂ ಮೌನವಾಗಿದೆ.