ಧಣಿಯ ಯಂತ್ರ, ಗುಮಾಸ್ತನ ಮಾತು

ಇತಿಹಾಸ ಬರೆಯೋರು ಯಾರು ಅಂತ ನಾವು ಬಹಳ ಸಲ ಕೇಳಿದ್ದೀವಿ. ಅಚ್ಚಿನ ಯಂತ್ರ ಯಾರ ಕೈಲಿತ್ತು ಅಂತ ಕೇಳಿದ್ದು ಕಡಿಮೆ. ಇಂಗ್ಲೆಂಡು, ಅಮೆರಿಕಗಳ ಪಂಕ್ ಹುಡುಗ ಹುಡುಗಿಯರು ತಾವೇ ಬರೆದು, ತಾವೇ ಪಿನ್ನು ಹೊಡೆದು ಹಂಚಿದ ಪುಟ್ಟ ಪತ್ರಿಕೆಗಳಿಗೆ ‘ಝೀನ್’ ಅಂತಾರೆ. ಅವುಗಳ ಕತೆ ಈ ಎರಡನೇ ಪ್ರಶ್ನೆಯಿಂದಲೇ ಶುರುವಾಗಬೇಕು.

1976ರ ಲಂಡನ್. ಶಾಲೆ ಮುಗಿಸಿದ ಎಷ್ಟೋ ಹುಡುಗರಿಗೆ ಕೆಲಸವಿಲ್ಲ. ಸಂಗೀತ ಕಲಿಯದಿದ್ದರೂ ಸರಿ, ಗಿಟಾರು ಹಿಡಿದು ಸಿಟ್ಟನ್ನು ಕೂಗಬಹುದು ಅಂತ ಹೊರಟವರು ಪಂಕ್‌ಗಳು. ಮಾರ್ಕ್ ಪೆರ್ರಿ ಅನ್ನೋ ಹತ್ತೊಂಬತ್ತರ ಬ್ಯಾಂಕ್ ಗುಮಾಸ್ತ ಆ ಜುಲೈಯಲ್ಲಿ ‘ಸ್ನಿಫಿನ್ ಗ್ಲೂ’ ತಂದ. ಮಕ್ಕಳ ಟೈಪ್‌ರೈಟರು, ದಪ್ಪ ಪೆನ್ನಿನ ತಲೆಬರಹ, ಫೋಟೊಕಾಪಿ ಹಾಳೆ. ತಪ್ಪಿದ್ದನ್ನು ಗೀಟು ಹೊಡೆದು ಹಾಗೇ ಬಿಟ್ಟ. ನನ್ನದನ್ನು ಓದಿ ಕೂರಬೇಡಿ, ನಿಮ್ಮದನ್ನು ನೀವೇ ತನ್ನಿ ಎಂದ. 1977ರಲ್ಲಿ, ಸಾವಿರಾರು ಪ್ರತಿ ಹೋಗುತ್ತಿದ್ದಾಗಲೇ ನಿಲ್ಲಿಸಿಬಿಟ್ಟ.

ಆ ಸಿಟ್ಟು ಅಮೆರಿಕದಲ್ಲಿ ಹಾಡಿನಿಂದ ಕೂಲಿಯ ಕಡೆಗೂ ತಿರುಗಿತು. 1981ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕೆಲವು ಕಚೇರಿ ನೌಕರರು ‘ಪ್ರೊಸೆಸ್ಡ್ ವರ್ಲ್ಡ್’ ಶುರು ಮಾಡಿದರು. ಕಂಪ್ಯೂಟರು ಆಗಷ್ಟೇ ಮೇಜಿಗೆ ಬಂದು ಕೂತಿತ್ತು. ದಿನವಿಡೀ ಅಕ್ಷರ, ಅಂಕಿ ಒತ್ತೋದು. ಮುಂದಿನ ವಾರ ಕೆಲಸ ಉಂಟೋ ಇಲ್ಲವೋ. ಧಣಿಗೆ ತಿಳಿದರೆ ಅನ್ನ ಹೋಗುತ್ತೆ, ಅದಕ್ಕೇ ಹಲವರು ಸುಳ್ಳು ಹೆಸರಲ್ಲಿ ಬರೆದರು. ಊಟದ ಬಿಡುವಿನಲ್ಲಿ, ಬ್ಯಾಂಕುಗಳ ಬೀದಿಯಲ್ಲೇ, ಕಂಪ್ಯೂಟರಿನ ಮುಖವಾಡ ಹಾಕಿಕೊಂಡು ಮಾರಿದರು.

1993ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಜೆಫ್ ಕೆಲ್ಲಿ ತಂದ ಪತ್ರಿಕೆಯ ಹೆಸರೇ ‘ಟೆಂಪ್ ಸ್ಲೇವ್’, ಅಂದ್ರೆ ಹಂಗಾಮಿ ಗುಲಾಮ. ಇಂಥ ಎಷ್ಟೋ ಝೀನ್‌ಗಳು ಧಣಿಯ ಕಾಗದದಲ್ಲಿ, ಧಣಿಯ ಯಂತ್ರದಲ್ಲಿ, ಧಣಿಯ ಕಣ್ಣು ತಪ್ಪಿಸಿ ಅಚ್ಚಾದವು. ಇದನ್ನ ಕಳ್ಳತನ ಅನ್ನೋರು, ಗುಮಾಸ್ತನಿಂದ ದಿನಾ ಕದ್ದ ಗಂಟೆಗಳ ಲೆಕ್ಕವನ್ನೂ ಜೊತೆಗೆ ತರಲಿ.

ಆದರೆ ಸಿಟ್ಟನ್ನ ಬರೆದ ಕೂಡಲೇ ಸಂಘ ಹುಟ್ಟಲಿಲ್ಲ. ಸಂಘ ಕಟ್ಟೋಕೆ ನಾಳೆಯೂ ಅದೇ ಜಾಗದಲ್ಲಿ ಸಿಗುವ ಜನ ಬೇಕು. ಹಂಗಾಮಿಯವನಿಗೆ ಪಕ್ಕದ ಕುರ್ಚಿಯವಳ ಹೆಸರು ತಿಳಿಯೋ ಮೊದಲೇ ಕೆಲಸ ಮುಗಿದಿರುತ್ತೆ. ಹಾಗಾಗಿ ಎಷ್ಟೋ ಸಲ ಬಂಡಾಯ ಅಂದ್ರೆ ಕೆಲಸ ಬಿಟ್ಟು ಹೋಗೋದು ಅಷ್ಟೇ ಆಯ್ತು. ಬಿಟ್ಟ ಕುರ್ಚಿಗೆ ಇನ್ನೊಬ್ಬ ಬಡವ ಬಂದು ಕೂತ.

ಇನ್ನೊಂದು ಮಾತು. ಈ ಬಂಡಾಯದ ಒಳಗೂ ಬಿಳಿ ತೊಗಲಿನದೇ ಮೇಲುಗೈ. 1997ರಲ್ಲಿ ಮಿಮಿ ಥಿ ನುಯೆನ್ ಎಂಬ ವಿಯೆಟ್ನಾಂ ಮೂಲದ ಹೆಣ್ಣುಮಗಳು, ಬಿಳಿಯರಲ್ಲದ ಪಂಕ್‌ಗಳ ಬರಹ ಕೂಡಿಸಿ ‘ಎವಲ್ಯೂಷನ್ ಆಫ್ ಎ ರೇಸ್ ರಯಟ್’ ತಂದಳು. ನಾವೆಲ್ಲ ಒಂದೇ ಅನ್ನೋ ಗೆಳೆಯರ ಒಳಗಿನ ವರ್ಣಭೇದವನ್ನ, ಅವರದೇ ಬಗೆಯ ಹಾಳೆಯಲ್ಲಿ ಅವರ ಮುಂದಿಟ್ಟಳು. ಒಳಗಿದ್ದೂ ಹೊರಗೆ ನಿಂತವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಆ ಹಾಳೆಗಳು ಈಗ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಪೆಟ್ಟಿಗೆ ಸೇರಿವೆ. ಹಾಳೆಗೇನೋ ಕಾಯಂ ಜಾಗ ಸಿಕ್ಕಿತು. ಬರೆದವರಂಥ ಹಂಗಾಮಿಯವರಿಗೆ ಇನ್ನೂ ಸಿಕ್ಕಿಲ್ಲ.